ಚಕ್ರದ ಭಾರ ರಸ್ತೆಗೆ ಇಳಿಯುವ ಬಗೆ

ನಿಮ್ಮ ಬಲಗೈಯನ್ನು ಬೆರಳು ಜೋಡಿಸಿ ಎದುರಿನ ಮೇಜಿನ ಮೇಲೆ ಚಪ್ಪಟೆಯಾಗಿ ಇಡಿ. ಸಾಧಾರಣ ಕಾರೊಂದರ ಒಂದು ಚಕ್ರ ರಸ್ತೆಯನ್ನು ಮುಟ್ಟುವ ಜಾಗ ಹೆಚ್ಚುಕಡಿಮೆ ಅಷ್ಟೇ. 1,600 ಕಿಲೋ ತೂಗುವ ಕಾರಿನ ಭಾರ ನಾಲ್ಕೂ ಚಕ್ರಗಳಿಗೆ ಸಮನಾಗಿ ಹಂಚಿಹೋಗಿದೆ ಎಂದುಕೊಂಡರೆ ಒಂದೊಂದರ ಪಾಲಿಗೆ 400 ಕಿಲೋ, ಅಂದರೆ ಸುಮಾರು 4 ಕಿಲೋನ್ಯೂಟನ್ ಬರುತ್ತದೆ. ಗಾಳಿ ತುಂಬುವವರು ‘ಮೂವತ್ತು ಪೌಂಡು’ ಎನ್ನುತ್ತಾರಲ್ಲ, ಅದು ಚದರ ಇಂಚಿಗೆ 30 ಪೌಂಡು; ಇಂದಿನ ಮಾನದಲ್ಲಿ 0.21 ಮೆಗಾಪ್ಯಾಸ್ಕಲ್. ಭಾರವನ್ನು ಈ ಒತ್ತಡದಿಂದ ಭಾಗಿಸಿದರೆ 190 ಚದರ ಸೆಂಟಿಮೀಟರ್ ಸಿಗುತ್ತದೆ, ಅಂದರೆ ಸುಮಾರು 14 ಸೆಂಟಿಮೀಟರ್ ಬದಿಯ ಒಂದು ಚೌಕ.

ಈಗ ಲಾರಿಯ ಹಿಂದಿನ ಆಕ್ಸಲ್ಲಿಗೆ ಬನ್ನಿ. ಆ ಆಕ್ಸಲ್ಲಿನ ಮೇಲೆ 80 ಕಿಲೋನ್ಯೂಟನ್, ಎಂದರೆ ಎಂಟು ಟನ್ನಿಗೆ ತುಸು ಹೆಚ್ಚು ಭಾರವಿದೆ. ಎರಡೂ ಬದಿಯಲ್ಲಿ ಜೋಡಿ ಚಕ್ರಗಳಿವೆ. ಹಾಗಾಗಿ ಒಂದೊಂದು ಟೈರು 20 ಕಿಲೋನ್ಯೂಟನ್ ಹೊರುತ್ತದೆ. ಗಾಳಿ ನೂರು ಪೌಂಡು, ಅಂದರೆ 0.7 ಮೆಗಾಪ್ಯಾಸ್ಕಲ್. ಭಾಗಿಸಿದರೆ 286 ಚದರ ಸೆಂಟಿಮೀಟರ್. ಭಾರ ಕಾರಿನ ಚಕ್ರದ ಐದು ಪಟ್ಟಾಯಿತು, ಜಾಗ ಮಾತ್ರ ಒಂದೂವರೆ ಪಟ್ಟು. ಉಳಿದದ್ದನ್ನೆಲ್ಲ ಒತ್ತಡವೇ ತುಂಬಿಕೊಟ್ಟಿತು. ಇವತ್ತಿನ ಮಾತೆಲ್ಲ ಈ ಒಂದು ವ್ಯತ್ಯಾಸದ ಸುತ್ತಲೇ ತಿರುಗುತ್ತದೆ: ರಸ್ತೆಯ ಮೇಲ್ಪದರಕ್ಕೆ ಟೈರಿನ ಗಾಳಿ ಗೊತ್ತಾಗುತ್ತದೆ, ಕೆಳಗಿನ ಮಣ್ಣಿಗೆ ವಾಹನದ ಭಾರ ಗೊತ್ತಾಗುತ್ತದೆ. ಈ ಎರಡನ್ನೂ ಬೆರೆಸಿಬಿಟ್ಟರೆ ರಸ್ತೆ ಏಕೆ ಕೆಟ್ಟಿತು ಎಂಬುದಕ್ಕೆ ತಪ್ಪು ಕಾರಣ ಕೊಡುತ್ತೇವೆ.

ಮೊದಲು ಒಂದು ಸಣ್ಣ ಒಗಟು. ಖಾಲಿ ಲಾರಿಯ ಟೈರಿನ ಗಾಳಿಯನ್ನು ಅಳೆಯಿರಿ. ಆಮೇಲೆ ಸರಕು ಹೇರಿ, ಅದೇ ಟೈರನ್ನು ಮತ್ತೆ ಅಳೆಯಿರಿ. ಒತ್ತಡ ಎಷ್ಟು ಏರಿರುತ್ತದೆ? ವಿದ್ಯಾರ್ಥಿಗಳನ್ನು ಕೇಳಿದರೆ ಬಹುಪಾಲು ಜನ ‘ಎರಡರಷ್ಟು’ ಎನ್ನುತ್ತಾರೆ. ನಿಜವಾಗಿ ಗೇಜಿನ ಮುಳ್ಳು ಕಂಡೂ ಕಾಣದಷ್ಟು ಅಲುಗುತ್ತದೆ. ಟೈರು ಕೆಳಗೆ ಚಪ್ಪಟೆಯಾದರೂ ಪಕ್ಕಕ್ಕೆ ಉಬ್ಬುವುದರಿಂದ ಒಳಗಿನ ಗಾಳಿಯ ಗಾತ್ರ ಬಹಳ ಕುಗ್ಗುವುದಿಲ್ಲ. ಗಾತ್ರ ಕುಗ್ಗದಿದ್ದರೆ ಒತ್ತಡವೂ ಏರುವುದಿಲ್ಲ. ಹಾಗಾದರೆ ಹೆಚ್ಚಿನ ಭಾರವನ್ನು ಹೊತ್ತದ್ದು ಯಾವುದು? ಹೆಚ್ಚಿದ ಹೆಜ್ಜೆ. ಟೈರು ಇನ್ನಷ್ಟು ಚಪ್ಪಟೆಯಾಗಿ, ಮೊದಲಿನದೇ ಒತ್ತಡದಲ್ಲಿ ಹೆಚ್ಚು ನೆಲವನ್ನು ತುಳಿಯುತ್ತದೆ. ಎಂಜಿನಿಯರುಗಳು ಸಂಪರ್ಕ ಪ್ರದೇಶ ಎನ್ನುವುದನ್ನು ನಾನು ಟೈರಿನ ಹೆಜ್ಜೆ ಎಂದು ಕರೆಯುತ್ತೇನೆ, ನೀವೂ ಹಾಗೆಯೇ ಅಂದುಕೊಳ್ಳಿ.

ಒಗಟಿಗೆ ಎರಡನೆಯ ಗಂಟೂ ಇದೆ. ಗಾಳಿಯು ರಿಮ್ಮನ್ನು ಸುತ್ತಲೂ ಒಂದೇ ಸಮನಾಗಿ ಒತ್ತುತ್ತದೆ. ಮೇಲಿನಿಂದ ಎಷ್ಟೋ ಕೆಳಗಿನಿಂದಲೂ ಅಷ್ಟೇ. ಸುತ್ತಲೂ ಸಮನಾದ ಒತ್ತಡ ರಿಮ್ಮನ್ನು ಮೇಲಕ್ಕೆತ್ತಿ ಹಿಡಿಯಲಾರದು. ಆದರೂ ರಿಮ್ಮು ನೆಲಕ್ಕೆ ಕುಸಿಯದೆ ನಿಂತಿದೆ. ಇದನ್ನು ಅರ್ಥ ಮಾಡಿಕೊಳ್ಳಲು ಸೈಕಲ್ಲಿನ ಚಕ್ರವನ್ನು ನೆನಪಿಗೆ ತಂದುಕೊಳ್ಳಿ. ಅದರ ಕಡ್ಡಿಗಳನ್ನೆಲ್ಲ ಮೊದಲೇ ಬಿಗಿದಿರುತ್ತಾರೆ. ಸವಾರ ಕುಳಿತಾಗ ನೆಲದ ಕಡೆಯ ಕೆಲವು ಕಡ್ಡಿಗಳ ಬಿಗಿ ಇಳಿಯುತ್ತದೆ. ಕೆಳಗಿನ ಎಳೆತ ಸಡಿಲವಾದಷ್ಟು ಮೇಲಿನ ಎಳೆತ ಗೆಲ್ಲುತ್ತದೆ, ಹಬ್ಬು ನಿಲ್ಲುತ್ತದೆ. ಟೈರಿನಲ್ಲಿ ಕಡ್ಡಿಗಳ ಕೆಲಸವನ್ನು ಪಕ್ಕೆಯ ರಬ್ಬರಿನೊಳಗೆ ಹುದುಗಿರುವ ದಾರದೆಳೆಗಳು ಮಾಡುತ್ತವೆ. ಅವನ್ನು ಬಿಗಿದಿಟ್ಟಿರುವುದು ಗಾಳಿ. ನೆಲದ ಹತ್ತಿರ ಪಕ್ಕೆ ಹೊರಕ್ಕೆ ಉಬ್ಬಿದಾಗ ಅಲ್ಲಿನ ಎಳೆಗಳು ರಿಮ್ಮನ್ನು ಕೆಳಕ್ಕೆ ಎಳೆಯುವ ಬಲ ಕಡಿಮೆಯಾಗುತ್ತದೆ, ಮೇಲಿನ ಅರ್ಧದ ಎಳೆಗಳು ಮೊದಲಿನಂತೆಯೇ ಎಳೆಯುತ್ತಿರುತ್ತವೆ. ಆದ್ದರಿಂದ ‘ಲಾರಿ ಗಾಳಿಯ ಮೇಲೆ ಕುಳಿತಿದೆ’ ಎನ್ನುವುದು ಅರ್ಧ ಸರಿ. ರಿಮ್ಮಿನ ಕಡೆಯಿಂದ ನೋಡಿದರೆ ಅದು ದಾರಗಳಿಂದ ತೂಗುಬಿದ್ದಿದೆ. ರಸ್ತೆಯ ಕಡೆಯಿಂದ ನೋಡಿದರೆ ಗಾಳಿ ರಬ್ಬರನ್ನು ನೆಲಕ್ಕೆ ಒತ್ತಿ ಹಿಡಿದಿದೆ.

ಇಷ್ಟು ಲೆಕ್ಕವನ್ನು ಕಾಗದದ ಮೇಲೆ ಮಾಡಬಹುದು, ಆದರೆ ಹೆಜ್ಜೆಯನ್ನು ಕಣ್ಣಾರೆ ನೋಡುವುದು ಬೇರೆ. ಕೆಲಸ ಕಷ್ಟದ್ದಲ್ಲ. ಜ್ಯಾಕ್ ಕೊಟ್ಟು ಚಕ್ರವನ್ನು ಎತ್ತಿ, ಟ್ರೆಡ್ಡಿಗೆ, ಅಂದರೆ ಟೈರಿನ ನೆಲ ಮುಟ್ಟುವ ಹೊರಮೈಗೆ, ಮುದ್ರಣದ ಶಾಯಿ ಬಳಿದು, ಕೆಳಗೆ ದಪ್ಪ ಕಾಗದ ಹಾಸಿ, ಚಕ್ರವನ್ನು ನಿಧಾನವಾಗಿ ಇಳಿಸಿ ಮತ್ತೆ ಎತ್ತಿದರೆ ಮುದ್ರೆ ಸಿಗುತ್ತದೆ. ನಾನು ಮೊದಲ ಸಲ ಹೀಗೆ ತೆಗೆದ ಮುದ್ರೆಯನ್ನು ಹಾಳಾಯಿತೆಂದು ಬಿಸಾಡಿದ್ದೆ, ಏಕೆಂದರೆ ನಡುವಿನ ಗೀರುಗಳು ಸ್ಪಷ್ಟವಾಗಿದ್ದರೂ ಎರಡೂ ಅಂಚಿನಲ್ಲಿ ಶಾಯಿ ಕದಡಿತ್ತು. ಎರಡನೆಯದೂ ಮೂರನೆಯದೂ ಹಾಗೆಯೇ ಬಂದಾಗ ತಪ್ಪು ನನ್ನ ಕೈಯದಲ್ಲ ಎಂದು ಹೊಳೆಯಿತು. ನೆಲಕ್ಕೆ ತಾಗಿ ಒತ್ತಿಸಿಕೊಳ್ಳುವಾಗ ರಬ್ಬರು ಪಕ್ಕಕ್ಕೆ ಸರಿಯಲು ನೋಡುತ್ತದೆ. ಒರಟು ನೆಲ ಅದನ್ನು ತಡೆಯುತ್ತದೆ. ಕಾಗದ ನುಣುಪಾಗಿದ್ದುದರಿಂದ ತುಸು ಸರಿದುಬಿಟ್ಟಿತ್ತು. ಈ ಕದಡಿದ ಅಂಚಿನ ಬಗ್ಗೆ ಮುಂದೆ ಮತ್ತೆ ಹೇಳುತ್ತೇನೆ.

ಮುದ್ರೆಯ ಆಕಾರವನ್ನು ಗಮನಿಸಿ. ಭಾರ ಕಡಿಮೆಯಿದ್ದಾಗ ಅದು ದುಂಡಗೋ ಮೊಟ್ಟೆಯಂತೆಯೋ ಇರುತ್ತದೆ. ಭಾರ ಏರಿದಂತೆ ಅಗಲ ಟ್ರೆಡ್ಡಿನ ಅಂಚಿಗೆ ಬಂದು ನಿಂತುಬಿಡುತ್ತದೆ, ಆಮೇಲೆ ಬೆಳೆಯುವುದೆಲ್ಲ ಉದ್ದವೇ. ಕಾಂಕ್ರೀಟ್ ರಸ್ತೆಗಳ ಹಳೆಯ ವಿನ್ಯಾಸ ಕ್ರಮದಲ್ಲಿ ಇದನ್ನು ಒಂದು ಆಯತ, ಅದರ ಎರಡು ತುದಿಗೆ ಎರಡು ಅರ್ಧವೃತ್ತ ಎಂದು ಬರೆದುಕೊಳ್ಳುತ್ತಾರೆ. ಒಟ್ಟು ಉದ್ದ ‘ಉ’ ಆದರೆ ಅಗಲ 0.6 ಉ, ವಿಸ್ತೀರ್ಣ 0.5227 ಉ². ಡಾಂಬರು ರಸ್ತೆಯ ಲೆಕ್ಕದಲ್ಲಿ ಇಷ್ಟೂ ತಾಳ್ಮೆಯಿಲ್ಲದೆ ವೃತ್ತವೆಂದೇ ಹಿಡಿಯುತ್ತಾರೆ. ನಮ್ಮ ಲಾರಿ ಟೈರಿನ 286 ಚದರ ಸೆಂಟಿಮೀಟರನ್ನು ವೃತ್ತ ಮಾಡಿದರೆ ತ್ರಿಜ್ಯ 9.5 ಸೆಂಟಿಮೀಟರ್ ಬರುತ್ತದೆ. ಟೈರು ವೃತ್ತವಲ್ಲ ಎಂಬುದು ಎಲ್ಲರಿಗೂ ಗೊತ್ತು. ಒಂದೆರಡು ಗೇಣು ಆಳಕ್ಕೆ ಇಳಿದ ಮೇಲೆ ಆಕಾರದ ನೆನಪು ಅಳಿಸಿಹೋಗುವುದರಿಂದ ಈ ಸುಳ್ಳು ಅಷ್ಟಾಗಿ ತೊಂದರೆ ಕೊಡುವುದಿಲ್ಲ.

ಮೇಲ್ಮೈಯಲ್ಲಿ ಮಾತ್ರ ತೊಂದರೆ ಕೊಡುತ್ತದೆ. ಒತ್ತಡ ಹೆಜ್ಜೆಯ ಉದ್ದಗಲಕ್ಕೂ ಒಂದೇ ಸಮನಿದೆ ಎಂಬುದು ಇನ್ನೊಂದು ಅನುಕೂಲದ ಕಲ್ಪನೆ. ಮುದ್ರೆಯಲ್ಲಿ ಬಿಳಿಯಾಗಿ ಉಳಿದ ಗೆರೆಗಳು ಟ್ರೆಡ್ಡಿನ ತೋಡುಗಳು. ಅಲ್ಲಿ ರಬ್ಬರು ನೆಲವನ್ನು ಮುಟ್ಟುವುದೇ ಇಲ್ಲ. ಹೆಜ್ಜೆಯ ಕಾಲುಭಾಗ ತೋಡೇ ಆಗಿದ್ದರೆ ಉಳಿದ ಮುಕ್ಕಾಲು ಭಾಗದ ಮೇಲೆ ಒತ್ತಡ ಮೂರನೇ ಒಂದರಷ್ಟು ಏರಲೇಬೇಕು. ಪಕ್ಕೆಯ ಗಡಸುತನ ಇನ್ನೊಂದು ಏರುಪೇರನ್ನು ತರುತ್ತದೆ. ಗಾಳಿ ಕಡಿಮೆಯಿದ್ದು ಭಾರ ಹೆಚ್ಚಾದರೆ ಪಕ್ಕೆಗಳೇ ಗೋಡೆಯಂತೆ ನೆಲಕ್ಕೆ ಒತ್ತಿ, ಒತ್ತಡ ಎರಡು ಅಂಚಿನಲ್ಲಿ ಶಿಖರಕ್ಕೇರುತ್ತದೆ. ಗಾಳಿ ಹೆಚ್ಚಿದ್ದು ಭಾರ ಕಡಿಮೆಯಾದರೆ ಹೊಟ್ಟೆ ಮುಂದೆ ಬಂದು ಶಿಖರ ನಡುವಿಗೆ ಸರಿಯುತ್ತದೆ. ಹಳೆಯ ಟೈರೊಂದು ಅಂಚಿನಲ್ಲಿ ಸವೆದಿದೆಯೋ ನಡುವೆ ಸವೆದಿದೆಯೋ ನೋಡಿ ಅದರ ಒಡೆಯ ಗಾಳಿಯನ್ನು ಹೇಗೆ ನೋಡಿಕೊಂಡ ಎಂದು ಪಂಕ್ಚರ್ ಅಂಗಡಿಯವರು ಹೇಳುವುದು ಇದರಿಂದಲೇ. ಅದೇ ಬರಹದ ಪ್ರತಿಯೊಂದು ರಸ್ತೆಯ ಮೇಲೂ ಬಿದ್ದಿರುತ್ತದೆ, ಓದುವವರು ಕಡಿಮೆ.

ಓಡುವ ಚಕ್ರದ ಕೆಳಗೆ ಇದನ್ನೆಲ್ಲ ಅಳೆಯುವುದು ದೀರ್ಘಕಾಲ ಸಾಧ್ಯವಾಗಿರಲಿಲ್ಲ. ದಕ್ಷಿಣ ಆಫ್ರಿಕಾದ ಸಿಎಸ್‌ಐಆರ್ ಎಂಬ ವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ಮೋರಿಸ್ ಡಿ ಬೀರ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಉಕ್ಕಿನ ಸಣ್ಣ ಗೂಟಗಳನ್ನು ಸಾಲಾಗಿ ನಿಲ್ಲಿಸಿ, ಅವುಗಳ ಮೇಲೆ ಲಾರಿ ಟೈರನ್ನು ಉರುಳಿಸಿ, ಪ್ರತಿ ಗೂಟವೂ ಮೂರು ದಿಕ್ಕಿನಲ್ಲಿ ಅನುಭವಿಸುವ ಬಲವನ್ನು ಬೇರೆಬೇರೆಯಾಗಿ ದಾಖಲಿಸುವ ವ್ಯವಸ್ಥೆ ಮಾಡಿದರು. ಮೂರು ದಿಕ್ಕು ಎಂಬುದನ್ನು ಒತ್ತಿ ಹೇಳುತ್ತೇನೆ. ಕೆಳಕ್ಕೆ ಒತ್ತುವ ಬಲ ನಮಗೆಲ್ಲ ಗೊತ್ತಿದ್ದದ್ದೇ. ಅದರ ಜೊತೆಗೆ, ನೇರವಾಗಿ ಸಮವೇಗದಲ್ಲಿ ಉರುಳುವ, ಬ್ರೇಕು ಹಾಕದ, ತಿರುಗದ ಟೈರು ಕೂಡ ರಸ್ತೆಯ ಮೇಲ್ಮೈಯನ್ನು ಅಡ್ಡಡ್ಡಲಾಗಿ ಜಗ್ಗುತ್ತಿರುತ್ತದೆ. ಎಡದ ಜಗ್ಗಾಟವೂ ಬಲದ ಜಗ್ಗಾಟವೂ ಒಂದನ್ನೊಂದು ಅಳಿಸಿಹಾಕುವುದರಿಂದ ಒಟ್ಟು ಮೊತ್ತ ಸೊನ್ನೆ. ಚಾಲಕನಿಗೆ ಏನೂ ತಿಳಿಯುವುದಿಲ್ಲ, ತೂಕದ ಸೇತುವೆಗೂ ತಿಳಿಯುವುದಿಲ್ಲ. ಡಾಂಬರಿಗೆ ಮಾತ್ರ ತಿಳಿಯುತ್ತದೆ. ನನ್ನ ಮುದ್ರೆಯ ಅಂಚಿನಲ್ಲಿ ಕದಡಿದ ಶಾಯಿ ಈ ಜಗ್ಗಾಟದ ಗುರುತು. ಗಾಲಿ ಓಡುವ ಜಾಡಿನ ಅಂಚಿನಲ್ಲಿ ಮೇಲಿನಿಂದ ಹುಟ್ಟಿ ಕೆಳಕ್ಕೆ ಇಳಿಯುವ ಉದ್ದುದ್ದ ಬಿರುಕುಗಳನ್ನು ವಿವರಿಸುವಾಗ ಇದನ್ನು ಒಂದು ಮುಖ್ಯ ಕಾರಣವಾಗಿ ಕೊಡುತ್ತಾರೆ; ಭಾರವನ್ನು ಬರೀ ಕೆಳಮುಖವಾಗಿ ಎಣಿಸಿದರೆ ಮೇಲಿನಿಂದ ಹುಟ್ಟುವ ಬಿರುಕಿಗೆ ಸುಲಭದ ವಿವರಣೆ ಸಿಗುವುದಿಲ್ಲ.

ವಿಷಯದಿಂದ ಸ್ವಲ್ಪ ಹಿಂದಕ್ಕೆ ಹೋಗಲು ಅನುಮತಿ ಕೊಡಿ. ಗಾಳಿ ತುಂಬಿದ ಟೈರು ಬರುವ ಮುನ್ನ ಚಕ್ರಕ್ಕೆ ಕಬ್ಬಿಣದ ಪಟ್ಟಿ ಇತ್ತು. ಕಬ್ಬಿಣ ಚಪ್ಪಟೆಯಾಗುವುದಿಲ್ಲವಾದ್ದರಿಂದ ರಸ್ತೆಯೇ ಚಪ್ಪಟೆಯಾಗಬೇಕು. ಸ್ಕಾಟ್ಲೆಂಡಿನ ರಸ್ತೆ ಎಂಜಿನಿಯರ್ ಜಾನ್ ಮೆಕ್‌ಆಡಮ್ ಹತ್ತೊಂಬತ್ತನೆಯ ಶತಮಾನದ ಆರಂಭದಲ್ಲಿ ಮೇಲ್ಪದರದ ಜಲ್ಲಿ ಸುಮಾರು 2 ಸೆಂಟಿಮೀಟರಿಗಿಂತ ದೊಡ್ಡದಿರಬಾರದು ಎಂದು ಹಟ ಹಿಡಿದದ್ದರ ಹಿಂದೆ ಚಕ್ರದ ಹೆಜ್ಜೆಯೇ ಇದೆ: ಆಗಿನ ಗಾಡಿಯ ಪಟ್ಟಿ ಸುಮಾರು 10 ಸೆಂಟಿಮೀಟರ್ ಅಗಲವಿತ್ತು, ಕಲ್ಲು ಅದಕ್ಕಿಂತ ಬಹಳ ಚಿಕ್ಕದಿದ್ದರೆ ಪಟ್ಟಿ ಒಂದೇ ಕಲ್ಲನ್ನು ತಳ್ಳಿ ಉರುಳಿಸದೆ ಹಲವನ್ನು ಒಟ್ಟಿಗೆ ಒತ್ತುತ್ತದೆ, ಕಲ್ಲುಗಳು ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ. ರಾಬರ್ಟ್ ವಿಲಿಯಂ ಥಾಮ್ಸನ್ 1845ರಲ್ಲಿ ಗಾಳಿಯ ಟೈರಿಗೆ ಪೇಟೆಂಟ್ ಪಡೆದರೂ ಅದು ನೆಲೆಯೂರಲಿಲ್ಲ. ಜಾನ್ ಬಾಯ್ಡ್ ಡನ್‌ಲಪ್ 1888ರಲ್ಲಿ ಅದನ್ನೇ ಮತ್ತೆ ಕಂಡುಕೊಂಡ ಮೇಲೆ ಹರಡಿತು. ಕಬ್ಬಿಣದ ಪಟ್ಟಿ ಜಲ್ಲಿಯನ್ನು ಅರೆದು ಪುಡಿ ಮಾಡಿ ಸಂದುಗಳಲ್ಲಿ ತುಂಬುತ್ತಿತ್ತು, ವೇಗದ ಮೋಟಾರಿನ ರಬ್ಬರು ಟೈರು ಆ ಪುಡಿಯನ್ನೇ ಕಿತ್ತು ಧೂಳೆಬ್ಬಿಸಿತು. ಜಲ್ಲಿಯನ್ನು ಡಾಂಬರಿನಿಂದ ಅಂಟಿಸುವ ಅವಸರ ಬಂದದ್ದು ಆಗ. ಟೈರು ಬದಲಾದಾಗ ರಸ್ತೆಯೂ ಬದಲಾಗಬೇಕಾಯಿತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ತಿಳಿದಿಲ್ಲ.

ಈಗ ಮೇಲ್ಮೈಯಿಂದ ಕೆಳಕ್ಕೆ ಇಳಿಯೋಣ. ಮೇಲ್ಮೈಯ ಒತ್ತಡ ಯಾವ ಆಳದಲ್ಲಿ ಎಷ್ಟು ಉಳಿಯುತ್ತದೆ ಎಂಬ ಲೆಕ್ಕಕ್ಕೆ ಫ್ರಾನ್ಸಿನ ಜೋಸೆಫ್ ಬೂಸಿನೆಸ್ಕ್ 1885ರಲ್ಲಿ ಕೊಟ್ಟ ಪರಿಹಾರ ಇಂದಿಗೂ ಮೊದಲ ಮೆಟ್ಟಿಲು. ನೆಲವೆಲ್ಲ ಒಂದೇ ಬಗೆಯ ಸ್ಥಿತಿಸ್ಥಾಪಕ ವಸ್ತು ಎಂದುಕೊಂಡರೆ, ವೃತ್ತಾಕಾರದ ಹೆಜ್ಜೆಯ ನಡುವಿನ ಕೆಳಗೆ ತ್ರಿಜ್ಯದಷ್ಟು ಆಳದಲ್ಲಿ ಮೇಲ್ಮೈ ಒತ್ತಡದ ಶೇಕಡಾ 65ರಷ್ಟು ಉಳಿದಿರುತ್ತದೆ. ಎರಡು ತ್ರಿಜ್ಯದಾಳದಲ್ಲಿ ಶೇಕಡಾ 28. ಮೂರರಲ್ಲಿ ಸುಮಾರು 15. ನಾಲ್ಕರಲ್ಲಿ 9ಕ್ಕಿಂತ ಕಡಿಮೆ. ನಿಜವಾದ ರಸ್ತೆಯಲ್ಲಿ ಮೇಲೆ ಗಡುಸು ಪದರ, ಕೆಳಗೆ ಮೆದು ಪದರ ಇರುವುದರಿಂದ ಇಳಿಕೆ ಇನ್ನೂ ಬೇಗ ಆಗುತ್ತದೆ. ಪದರಗಳ ಲೆಕ್ಕವನ್ನು ಡೊನಾಲ್ಡ್ ಬರ್ಮಿಸ್ಟರ್ 1943ರಲ್ಲಿ ಬಿಡಿಸಿದರು, ಇಂದಿನ ಕಂಪ್ಯೂಟರ್ ಲೆಕ್ಕಗಳು ಅದರ ಸಂತಾನ. ಆದರೆ ನಾನು ಹೇಳಬೇಕಾದ್ದಕ್ಕೆ ಬೂಸಿನೆಸ್ಕ್ ಸಾಕು.

ನಮ್ಮ 20 ಕಿಲೋನ್ಯೂಟನ್ನಿನ ಟೈರಿಗೆ 0.7ರ ಬದಲು 0.9 ಮೆಗಾಪ್ಯಾಸ್ಕಲ್ ಗಾಳಿ ತುಂಬಿದ್ದಾರೆ ಎನ್ನಿ. ಭಾರ ಅಷ್ಟೇ, ಹೆಜ್ಜೆ ಚಿಕ್ಕದಾಯಿತು. ಮೇಲ್ಮೈಯಿಂದ 5 ಸೆಂಟಿಮೀಟರ್ ಕೆಳಗೆ ಒತ್ತಡ 0.63ರಿಂದ 0.78 ಮೆಗಾಪ್ಯಾಸ್ಕಲ್ಲಿಗೆ, ಅಂದರೆ ಸುಮಾರು ನಾಲ್ಕನೇ ಒಂದು ಭಾಗದಷ್ಟು ಏರುತ್ತದೆ. 60 ಸೆಂಟಿಮೀಟರ್ ಆಳದಲ್ಲಿ? 0.0257 ಇದ್ದದ್ದು 0.0259. ಮಣ್ಣಿಗೆ ಸುದ್ದಿಯೇ ಮುಟ್ಟಿಲ್ಲ. ಈಗ ತಿರುಗಿಸಿ ನೋಡಿ. ಗಾಳಿಯನ್ನು 0.7ರಲ್ಲೇ ಬಿಟ್ಟು ಭಾರವನ್ನು ಎರಡರಷ್ಟು ಮಾಡಿ. 5 ಸೆಂಟಿಮೀಟರಿನಲ್ಲಿ 0.63 ಇದ್ದದ್ದು 0.67 ಆಗುತ್ತದೆ, ಅಷ್ಟೇ. 60 ಸೆಂಟಿಮೀಟರಿನಲ್ಲಿ 0.026 ಇದ್ದದ್ದು 0.050ಕ್ಕೆ ಬಂದು ಹೆಚ್ಚುಕಡಿಮೆ ದುಪ್ಪಟ್ಟಾಗುತ್ತದೆ. ನಿಜ ಜೀವನದಲ್ಲಿ ಯಾವ ಟೈರೂ ಹೀಗೆ ಇಮ್ಮಡಿ ಭಾರವನ್ನು ಅದೇ ಗಾಳಿಯಲ್ಲಿ ಹೊರಲಾರದು, ಲೆಕ್ಕದ ಉದ್ದೇಶ ಬೇರೆ. ಮೇಲಿನ ಡಾಂಬರು ಪದರ ಕುಸಿದು ಪಕ್ಕಕ್ಕೆ ತಳ್ಳಿಸಿಕೊಂಡಿದ್ದರೆ ಗಾಳಿಯನ್ನೂ ಮಿಶ್ರಣವನ್ನೂ ಶಂಕಿಸಿ. ಅಗಲವಾದ ತಗ್ಗು ಬಿದ್ದು ಇಡೀ ರಸ್ತೆಯೇ ಕುಳಿತಿದ್ದರೆ ಆಕ್ಸಲ್ ಭಾರವನ್ನೂ ಮಣ್ಣಿನೊಳಗಿನ ನೀರನ್ನೂ ಶಂಕಿಸಿ.

ಜೋಡಿ ಚಕ್ರದ ಕಥೆಯೂ ಇದರಲ್ಲೇ ಅಡಗಿದೆ. ಎರಡು ಟೈರುಗಳ ನಡುವಿನ ಸಂದಿನ ಅರ್ಧದಷ್ಟು ಆಳದವರೆಗೆ ಅವು ಪರಸ್ಪರ ಪರಿಚಯವಿಲ್ಲದ ಎರಡು ಚಕ್ರಗಳು. ಅವುಗಳ ನಡುಗೆರೆಯಿಂದ ನಡುಗೆರೆಗೆ ಇರುವ ಅಂತರದ ಎರಡರಷ್ಟು ಆಳಕ್ಕೆ ಹೋದರೆ ಎರಡೂ ಸೇರಿ ಒಂದೇ ಚಕ್ರ. ನಡುವಿನ ಆಳಗಳಲ್ಲಿ ಪ್ರಭಾವ ಕ್ರಮೇಣ ಬೆರೆಯುತ್ತದೆ. ಜೋಡಿ ಟೈರು ಹಾಕುವುದರಿಂದ ಮೇಲ್ಪದರಕ್ಕೆ ದೊಡ್ಡ ಉಪಕಾರವಾಗುತ್ತದೆ, ತಳಮಣ್ಣಿಗೆ ಅಷ್ಟಾಗಿ ಇಲ್ಲ. ಜೋಡಿಯನ್ನು ತೆಗೆದು ಒಂದೇ ಅಗಲ ಟೈರು ಹಾಕುವ ಪದ್ಧತಿ ಬಂದಾಗ ರಸ್ತೆ ಎಂಜಿನಿಯರುಗಳು ಕಳವಳಗೊಂಡದ್ದೂ ಮುಖ್ಯವಾಗಿ ಮೇಲ್ಪದರದ ಬಗ್ಗೆಯೇ.

ಇಲ್ಲಿಯವರೆಗೆ ಚಕ್ರ ನಿಂತೇ ಇತ್ತು. ಉರುಳತೊಡಗಿದರೆ ಕಾಲ ಎಂಬುದು ಸೇರಿಕೊಳ್ಳುತ್ತದೆ. 20 ಸೆಂಟಿಮೀಟರ್ ಉದ್ದದ ಹೆಜ್ಜೆ ಗಂಟೆಗೆ 60 ಕಿಲೋಮೀಟರ್ ವೇಗದಲ್ಲಿ ಒಂದು ಬಿಂದುವನ್ನು ದಾಟಲು ಸೆಕೆಂಡಿನ ನೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚು ಹೊತ್ತು ಸಾಕು. 5 ಕಿಲೋಮೀಟರ್ ವೇಗದಲ್ಲಿ ಅದರ ಹನ್ನೆರಡು ಪಟ್ಟು ಬೇಕು. ಡಾಂಬರು ಸ್ಥಿತಿಸ್ಥಾಪಕವೂ ಹೌದು, ಬಲು ಮಂದವಾದ ದ್ರವವೂ ಹೌದು. ಚುರುಕಾಗಿ ಹೊಡೆದರೆ ಗಡುಸಾಗಿ ಎದುರಿಸುತ್ತದೆ, ನಿಧಾನವಾಗಿ ಒತ್ತುತ್ತಾ ನಿಂತರೆ ಹರಿಯುತ್ತದೆ. ಬಿಸಿಲಿನಲ್ಲಿ ಇನ್ನೂ ಬೇಗ ಹರಿಯುತ್ತದೆ. ಬಸ್ಸು ನಿಲ್ಲುವ ಜಾಗ, ಸಿಗ್ನಲ್ಲಿನ ಮುಂದೆ, ಕಡಿದಾದ ಏರಿನಲ್ಲಿ ಜಾಡು ಆಳವಾಗಿ ಬೀಳುವುದು ಈ ಕಾರಣಕ್ಕೆ. ಅಲ್ಲಿ ಬ್ರೇಕೂ ಸೇರುತ್ತದೆ. ಒಣ ರಸ್ತೆಯಲ್ಲಿ ಬಲವಾಗಿ ಬ್ರೇಕು ಒತ್ತಿದರೆ ಟೈರು ರಸ್ತೆಯನ್ನು ಮುಂದಕ್ಕೆ ತಳ್ಳುವ ಬಲ ಭಾರದ ಅರ್ಧವನ್ನು ಮೀರಬಹುದು, ಮೇಲ್ಪದರ ಮಡಿಕೆ ಮಡಿಕೆಯಾಗಿ ಮುಂದಕ್ಕೆ ಸರಿಯುತ್ತದೆ.

ಉರುಳುವ ಚಕ್ರದ ಭಾರ ಸ್ಥಿರವೂ ಅಲ್ಲ. ಸ್ಪ್ರಿಂಗಿನ ಮೇಲಿರುವ ಒಡಲು ಸೆಕೆಂಡಿಗೆ ಎರಡು-ಮೂರು ಸಲ ತೂಗಾಡುತ್ತದೆ, ಆಕ್ಸಲ್ ತಾನೇ ಹತ್ತರಿಂದ ಹದಿನೈದು ಸಲ ಕುಪ್ಪಳಿಸುತ್ತದೆ. ಸೆಕೆಂಡಿಗೆ 20 ಮೀಟರ್ ಓಡುವ ಲಾರಿಯ ಒಡಲು ಎರಡು ಸಲ ತೂಗಿದರೆ ಭಾರದ ಶಿಖರಗಳು ಹತ್ತು ಹತ್ತು ಮೀಟರಿಗೆ ಬೀಳುತ್ತವೆ. ಒಂದು ಹಂಪನ್ನು ದಾಟಿದ ಲಾರಿಗಳೆಲ್ಲ ಹೆಚ್ಚುಕಡಿಮೆ ಒಂದೇ ಬಗೆಯ ಸ್ಪ್ರಿಂಗು, ಒಂದೇ ಬಗೆಯ ವೇಗ ಉಳ್ಳವಾದ್ದರಿಂದ ಹಿಂದಿನದು ಕುಟ್ಟಿದ ಜಾಗದ ಸುತ್ತಮುತ್ತಲೇ ಮುಂದಿನದೂ ಕುಟ್ಟುತ್ತದೆ. ಒಂದು ಗುಂಡಿ ಮುಂದೆ ಇನ್ನೊಂದನ್ನು ಹೆರುವುದು ಹೀಗೆ.

ಕಾಂಕ್ರೀಟಿನ ಬಗ್ಗೆ ಎರಡೇ ಮಾತು. ಚಪ್ಪಡಿ ಭಾರವನ್ನು ಬಾಗುತ್ತಾ ಹೊರುತ್ತದೆ, ಬಹಳ ಅಗಲಕ್ಕೆ ಹರಡಿಬಿಡುತ್ತದೆ. ಹ್ಯಾರಲ್ಡ್ ವೆಸ್ಟರ್‌ಗಾರ್ಡ್ 1926ರಲ್ಲಿ ಚಕ್ರ ಚಪ್ಪಡಿಯ ನಡುವಿನಲ್ಲಿದ್ದಾಗ, ಅಂಚಿನಲ್ಲಿದ್ದಾಗ, ಮೂಲೆಯಲ್ಲಿದ್ದಾಗ ಎಂದು ಮೂರು ಲೆಕ್ಕ ಕೊಟ್ಟರು. ಅಲ್ಲಿ ಗಾಳಿಯ ಒತ್ತಡಕ್ಕಿಂತ ಚಕ್ರ ಎಲ್ಲಿ ನಿಂತಿದೆ ಎಂಬುದೇ ಹೆಚ್ಚು ಮುಖ್ಯ.

ಹಾನಿ ಭಾರದ ಜೊತೆಗೆ ಹೇಗೆ ಏರುತ್ತದೆ ಎಂದು ನೀವು ಕೇಳಿಯೇ ಕೇಳುತ್ತೀರಿ. ಅಮೆರಿಕದ ಇಲಿನಾಯ್ ಪ್ರಾಂತದ ಒಟ್ಟಾವಾ ಬಳಿ 1958ರಿಂದ 1960ರವರೆಗೆ ನಡೆದ ಆಶೋ (ಅಲ್ಲಿನ ರಾಜ್ಯ ಹೆದ್ದಾರಿ ಅಧಿಕಾರಿಗಳ ಸಂಘ) ರಸ್ತೆ ಪರೀಕ್ಷೆಯಲ್ಲಿ ಬೇರೆಬೇರೆ ದಪ್ಪದ ರಸ್ತೆಗಳ ಮೇಲೆ ಬೇರೆಬೇರೆ ಭಾರದ ಲಾರಿಗಳನ್ನು ಓಡಿಸಿ ನೋಡಿದರು. ಅಲ್ಲಿಂದ ಬಂದದ್ದು ಹೆಸರಾದ ನಾಲ್ಕನೆಯ ಘಾತದ ಸೂತ್ರ: ಆಕ್ಸಲ್ ಭಾರ ಎಷ್ಟು ಪಟ್ಟಾಗುತ್ತದೋ ಆ ಸಂಖ್ಯೆಯ ನಾಲ್ಕನೆಯ ಘಾತದಷ್ಟು ಪಟ್ಟು ಹಾನಿ. ಆಕ್ಸಲ್ ಭಾರ 80ರಿಂದ 100 ಕಿಲೋನ್ಯೂಟನ್ನಿಗೆ ಏರಿದರೆ ಹಾನಿ 2.4 ಪಟ್ಟಾಗುತ್ತದೆ, 8 ಕಿಲೋನ್ಯೂಟನ್ನಿನ ಕಾರಿನ ಆಕ್ಸಲ್ ಹತ್ತು ಸಾವಿರ ಸಲ ಓಡಿದರೆ ಲಾರಿಯ ಆಕ್ಸಲ್ ಒಮ್ಮೆ ಓಡಿದಂತೆ. ಇದು ಅನುಭವದ ಸೂತ್ರ, ನಿಸರ್ಗ ನಿಯಮವಲ್ಲ. ರಸ್ತೆಯ ರಚನೆಗೆ ತಕ್ಕಂತೆ ಘಾತ ಬದಲಾಗುತ್ತದೆ. ಸೂತ್ರದಲ್ಲಿ ಟೈರಿನ ಗಾಳಿಗೆ ಜಾಗವೇ ಇಲ್ಲ ಎಂಬುದನ್ನು ಮಾತ್ರ ಗಮನಿಸಿ, ಏಕೆಂದರೆ ಅದರ ದೊಡ್ಡ ಕೊರತೆ ಅದೇ.

ಕೊನೆಯದಾಗಿ, ಭಾರ ಎಷ್ಟು ದೂರ ಹರಡುತ್ತದೆ ಎಂಬುದನ್ನು ಅಳತೆಯಲ್ಲೇ ತೋರಿಸುವ ಒಂದು ಉಪಕರಣ. ಎ. ಸಿ. ಬೆಂಕೆಲ್‌ಮನ್ 1953ರ ಸುಮಾರಿಗೆ ರೂಪಿಸಿದ ಬೀಮು ಉದ್ದನೆಯ ಒಂದು ಸನ್ನೆಗೋಲು ಮಾತ್ರ. ಅದರ ಮೂತಿಯನ್ನು ಭಾರ ಹೊತ್ತ ಲಾರಿಯ ಜೋಡಿ ಚಕ್ರದ ಸಂದಿನಲ್ಲಿ ರಸ್ತೆಗೆ ತಾಗಿಸಿ, ಡಯಲ್ ಗೇಜನ್ನು ಓದಿಕೊಂಡು, ಲಾರಿಯನ್ನು ಮೆಲ್ಲಗೆ ಮುಂದೆ ಬಿಡುತ್ತಾರೆ. ಚಕ್ರ ಸರಿದಂತೆ ರಸ್ತೆ ಮೇಲೆದ್ದು ಮುಳ್ಳು ತಿರುಗುತ್ತದೆ. ಅನೇಕ ರಸ್ತೆಗಳಲ್ಲಿ ಆ ಏಳುವಿಕೆ ಒಂದು ಮಿಲಿಮೀಟರಿನ ಒಳಗೇ ಇರುತ್ತದೆ. ಲಾರಿ 2.7 ಮೀಟರ್ ಹೋದಾಗ ಒಂದು ಓದು, ಇನ್ನೂ 9 ಮೀಟರ್ ಹೋದಾಗ ಮತ್ತೊಂದು ಓದು. ಈ ಎರಡು ಓದುಗಳ ನಡುವಿನ ವ್ಯತ್ಯಾಸ 0.025 ಮಿಲಿಮೀಟರನ್ನು ದಾಟಿದರೆ ಲೆಕ್ಕಕ್ಕೆ ತಿದ್ದುಪಡಿ ಹಾಕಬೇಕು. ಚಕ್ರದಿಂದ ಅಷ್ಟು ದೂರದಲ್ಲಿ ನಿಂತಿದ್ದ ಬೀಮಿನ ಮುಂಗಾಲುಗಳೂ ಅದೇ ಚಕ್ರ ತೋಡಿದ ತಗ್ಗಿನೊಳಗೆ ಕುಳಿತಿದ್ದವು ಎಂದು ಅದರ ಅರ್ಥ.